ಮೊದಲು ಹೆಸರು, ಆಮೇಲೆ ನೀರು

ಪುರಸಭೆಯಲ್ಲಿ ಎಂಜಿನಿಯರ್ ನಕ್ಷೆ ಬಿಡಿಸಿದರು. "ಪುಟ್ಟದೊಂದು ಜಲಾಶಯ. ಊರಿಗೆ ಇನ್ನು ನೀರಿನ ಚಿಂತೆಯಿಲ್ಲ."

"ಬೆಂಗಳೂರೂ ಹಾಗೇ ಅಂದುಕೊಂಡಿತ್ತು," ಎಂದರು ನಿವೃತ್ತ ಮೇಷ್ಟ್ರು. "1894ರಲ್ಲಿ ಅರ್ಕಾವತಿ ನದಿಗೆ ಹೆಸರಘಟ್ಟ ಜಲಾಶಯ. ಸಾಲಲಿಲ್ಲ. 1933ರಲ್ಲಿ ಅದೇ ನದಿಯ ಕೆಳಹರಿವಿನಲ್ಲಿ, ಕುಮುದ್ವತಿ ಹೊಳೆ ಸೇರುವಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದೆ 1974ರಲ್ಲಿ ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಏರು ಹತ್ತಿಸಿ ತಂದರು."

"ತಪ್ಪು ಕಟ್ಟೆಯದ್ದಲ್ಲ ಮೇಷ್ಟ್ರೇ. ನೀರು ಹರಿದುಬರುವ ಜಾಗದಲ್ಲಿ ನೀಲಗಿರಿ, ಕೊಳವೆಬಾವಿ, ಬಡಾವಣೆ..."

ಅಧ್ಯಕ್ಷರು ತಟ್ಟನೆ ಎಚ್ಚರಗೊಂಡರು. "ಬಡಾವಣೆಯಾ? ಜಲಾಶಯದ ನೋಟವಿರುವ ಸೈಟಿಗೆ ಭಾರೀ ರೇಟು!"

"ಸಾರ್, ಮಳೆನೀರು ಅಲ್ಲಿಂದಲೇ ಬರಬೇಕು."

"ಬರಲಿ. ಚರಂಡಿ ಕೊಡೋಣ."

"ಹೂಳು?"

"ಅದಕ್ಕೆ ಬೇರೆ ಟೆಂಡರ್."

ಜಲಾನಯನದ ಚರ್ಚೆ ಅಲ್ಲಿಗೆ ಮುಗಿಯಿತು. ಜಲಾಶಯಕ್ಕೆ ಯಾರ ಹೆಸರಿಡಬೇಕೆಂಬ ಚರ್ಚೆ ಮಾತ್ರ ಊಟದ ನಂತರವೂ ಮುಂದುವರಿಯಿತು; ನಡುವೆ ಎರಡು ಬಾರಿ ಕುಡಿಯುವ ನೀರಿನ ಕ್ಯಾನು ತರಿಸಬೇಕಾಯಿತು.