ಕಡಾಯಿ ಕಾಯುವ ಕಾಕಾ

ಸಂಜೆ ಆರರ ಮೇಲೆ ವಿಜಯಪುರದ ಯಾವುದಾದರೂ ಗೋಬಿ ಗಾಡಿಯ ಹತ್ತಿರ ಹೋಗಿ ನೋಡಿ. ತಿನ್ನುವವರೆಲ್ಲ ಗಾಡಿಯ ಮುಂದೆ ನಿಂತಿರುತ್ತಾರೆ. ಒಬ್ಬರು ಮಾತ್ರ ಬೆಂಕಿಯ ಕಡೆಗೆ, ಬೇಯಿಸುವ ಹುಡುಗನ ಮೊಣಕೈ ತಾಗುವಷ್ಟು ಸಮೀಪ ನಿಂತಿರುತ್ತಾರೆ. ಬಿಳಿ ಅಂಗಿ, ಧೋತರ, ಟೋಪಿ, ಹೆಗಲ ಮೇಲೊಂದು ಟವೆಲ್ಲು. ಕೈಚೀಲದಿಂದ ಪಂಪ್‌ಸೆಟ್ಟಿನ ಯಾವುದೋ ಭಾಗ ಹೊರಗೆ ಇಣುಕುತ್ತಿರುತ್ತದೆ. ಅವರೇ ಮಮದಾಪುರದ ಕಾಕಾ. ಮಮದಾಪುರದವರೇ ಆಗಿರಬೇಕೆಂದಿಲ್ಲ, ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಊರಿಗೊಬ್ಬರು ಇದ್ದೇ ಇದ್ದಾರೆ. ನನಗೆ ಸಿಕ್ಕವರು ಮಮದಾಪುರದವರು, ಅಷ್ಟೇ.

ಕಾಕಾ ಪೇಟೆಗೆ ಬರುವುದು ಗೋಬಿ ತಿನ್ನಲಿಕ್ಕಲ್ಲ. ತೊಗರಿ ಧಾರಣಿ ಕೇಳಬೇಕಾಗಿರುತ್ತದೆ, ಮೋಟರ್ ರಿಪೇರಿ ಇರುತ್ತದೆ, ಬ್ಯಾಂಕಿನಲ್ಲಿ ಒಂದು ಸಹಿ ಬಾಕಿ ಇರುತ್ತದೆ. ಇವೆಲ್ಲ ಮಧ್ಯಾಹ್ನಕ್ಕೇ ಮುಗಿಯುತ್ತವೆ. ಗಾಡಿ ಹಚ್ಚುವುದು ಸಂಜೆಗೆ. ನಡುವಿನ ಹೊತ್ತು ಗಾಂಧಿ ಚೌಕದಲ್ಲೋ ಸಿದ್ಧೇಶ್ವರ ಗುಡಿಯ ಹತ್ತಿರವೋ ಕಳೆಯುತ್ತದೆ. ಕೇಳಿದರೆ ಒಂದೇ ಉತ್ತರ: “ಬಸ್ ತಪ್ಪಿತು.” ಊರಿನ ಕಡೆ ಹೋಗುವ ಬಸ್ಸುಗಳೆಲ್ಲ ಅವರ ಕಣ್ಣ ಮುಂದೆಯೇ ತಪ್ಪುತ್ತವೆ.

ಅವರದು ಶುದ್ಧ ಸಸ್ಯಾಹಾರ. ಆದ್ದರಿಂದ ಮೊದಲು ವಿಚಾರಣೆ.

“ತಮ್ಮಾ, ಈ ಕಡಾಯಿಯೊಳಗ ತತ್ತಿ ಹಾಕಿದ್ದೇನ?”

“ಇಲ್ರೀ ಕಾಕಾ, ತತ್ತೀದು ಬ್ಯಾರೆ ಐತ್ರಿ.”

“ಎಲ್ಲೈತಿ, ತೋರ್ಸು.”

ಗಾಡಿಯ ಮೇಲಿರುವುದು ಒಂದೇ ಕಡಾಯಿ. ಹುಡುಗ ನೇಪಾಳದವನು. ಇಂಥ ಪ್ರಶ್ನೆಗಳಿಗೆ ಬೇಕಾಗುವಷ್ಟು ಕನ್ನಡ ಕಲಿತಿದ್ದಾನೆ, ತೋರಿಸು ಎಂದಾಗ ಮಾತ್ರ ಅವನಿಗೆ ಕನ್ನಡ ಮರೆಯುತ್ತದೆ. ಸುಮ್ಮನೆ ಒಂದು ಮಗ್ ನೀರನ್ನು ಕಾದ ಕಡಾಯಿಗೆ ಸುರಿದು, ಬ್ರಶ್ಶಿನಿಂದ ಗರಗರ ತಿಕ್ಕಿ ಚೆಲ್ಲುತ್ತಾನೆ. ಚುಂಯ್ ಎಂದು ಹಬೆ ಏಳುತ್ತದೆ. ಕಾಕಾ ಕ್ಷಣ ಕಣ್ಣು ಮುಚ್ಚಿ ತೀರ್ಪು ಕೊಡುತ್ತಾರೆ: “ಇಷ್ಟು ಬೆಂಕ್ಯಾಗ ಸುಟ್ಟಮ್ಯಾಲ ಏನ್ ಉಳೀತೈತಿ? ಶುದ್ಧ ಆತ್ ತಗೊ.” ಕಾಕಾರ ಮಡಿಯೊಡನೆ ನಡೆದ ಯಾವ ಜಗಳದಲ್ಲೂ ಅವರ ಹಸಿವು ಸೋತದ್ದನ್ನು ನಾನು ಕಂಡಿಲ್ಲ.

ಆಮೇಲೆ ಅಡಿಗೆಯ ಆಡಳಿತ ಪೂರ್ತಿ ಅವರ ಕೈಗೆ. ಒಮ್ಮೆ ಕರಿದು ತಾಟಿನಲ್ಲಿ ಗುಡ್ಡೆ ಹಾಕಿದ ಗೋಬಿ ಎರಡನೇ ಸಲ ಎಣ್ಣೆಗೆ ಇಳಿಯುತ್ತದೆ. “ಇರ್ಲಿ, ಇರ್ಲಿ… ಈಗ ತಗಿ!” ಬಳ್ಳೊಳ್ಳಿ ಕೆಂಪಾಗುವ ಮೊದಲೇ ಸಾಸ್ ಸುರಿದರೆ ಬೈಗುಳ. “ಕರೇದು ಕಡಿಮಿ ಹಾಕು” ಎಂದರೆ ಸೋಯಾ ಸಾಸ್ ಎಂದು ತಿಳಿಯಬೇಕು. ಟೇಸ್ಟಿಂಗ್ ಪೌಡರಿನ ಡಬ್ಬಿಗೆ ಹುಡುಗನ ಕೈ ಹೋಗುವುದರೊಳಗೆ ಕಾಕಾರ ಅಂಗೈ ಅದರ ಬಾಯಿ ಮುಚ್ಚಿರುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಪ್ಲೇಟು ಕೈಗೆ ಬಂದ ಮೇಲೂ ತಿನ್ನುವುದಿಲ್ಲ. ಎಪಿಎಂಸಿಯಲ್ಲಿ ದಲ್ಲಾಳಿ ಜೋಳದ ಕಾಳನ್ನು ಅಂಗೈ ಮೇಲೆ ಹೊರಳಿಸಿ ನೋಡುವ ಹಾಗೆ ಒಂದು ತುಂಡನ್ನು ಬಿಡಿಸಿ, ಹಿಟ್ಟು ಎಷ್ಟು, ಹೂವು ಎಷ್ಟು ಎಂದು ಲೆಕ್ಕ ಹಾಕುತ್ತಾರೆ. “ಇದು ಗೋಬಿ ಅಲ್ಲೋ ತಮ್ಮಾ, ಭಜಿ.”

ಕಾಲೇಜು ಹುಡುಗರು ಕಾಲೆಳೆಯುತ್ತಾರೆ. “ಕಾಕಾರ, ಗಾಡಿ ನಿಮ್ದ ಏನ್ರಿ?”

“ನಂದಲ್ಲ. ಆದ್ರ ನಾ ಇಲ್ಲಾಂದ್ರ ನಡ್ಯಂಗಿಲ್ಲ.”

ದುಡ್ಡು ಕೊಡುವಾಗ ಇತಿಹಾಸ ಹೊರಬರುತ್ತದೆ. “ಗೋಲಗುಮ್ಮಟ ಕಟ್ಟಿಸಿದಾಂವ ಯಾರು? ಮೊಹಮ್ಮದ ಆದಿಲಶಾ. ನಮ್ಮೂರ ಕೆರಿ ಕಟ್ಟಿಸಿದಾಂವನೂ ಅಂವನ.” ಮಾತು ಸುಳ್ಳಲ್ಲ. ಆದರೆ ಅದಕ್ಕೂ ಹಾಫ್ ಪ್ಲೇಟಿಗೆ ಹತ್ತು ರೂಪಾಯಿ ಕಡಿಮೆ ಮಾಡುವುದಕ್ಕೂ ಏನು ಸಂಬಂಧ ಎಂದು ಆ ಹುಡುಗನಿಗೆ ಇನ್ನೂ ಹೊಳೆದಿಲ್ಲ.

ಚೀನಾದ ರುಚಿ ಕಾಕಾರಿಗೆ ಬೇಕಾಗಿಯೇ ಇಲ್ಲ. ಚೀಲದಿಂದ ಕಾಗದದ ಪುಡಿಕೆಯೊಂದು ಹೊರಬರುತ್ತದೆ, ಮನೆಯ ಶೇಂಗಾ ಹಿಂಡಿ. ಗೋಬಿಯ ಮೇಲೆ ಅದು ಬೀಳುತ್ತದೆ, ಅದರ ಮೇಲೆ ಹಸಿ ಉಳ್ಳಾಗಡ್ಡಿ, ಲಿಂಬಿ ಹಣ್ಣಿನ ರಸ. ಇಂಡಿ ಕಡೆಯ ಲಿಂಬಿಯೇ ಆದರೆ ಸಂತೋಷ. ಪರದೇಶದ ತಿಂಡಿಗೆ ಹಳ್ಳಿಯ ಖಾರ ಎಂದು ಹುಡುಗರು ನಗುತ್ತಾರೆ. ಆ ಖಾರದ ಮೆಣಸಿನಕಾಯಾದರೂ ಎಲ್ಲಿಯದು? 1510ರಲ್ಲಿ ಇದೇ ಬಿಜಾಪುರದ ಆದಿಲಶಾಹಿಗಳಿಂದ ಗೋವಾ ಕಿತ್ತುಕೊಂಡ ಪೋರ್ಚುಗೀಸರು ಹಡಗಿನಲ್ಲಿ ತಂದ ಅಮೆರಿಕದ ಬೆಳೆ ಅದು. ಶೇಂಗಾ ಕೂಡ ಅಮೆರಿಕದ್ದೇ. ಹೇಳಿದರೆ ಕಾಕಾ ನಂಬುವುದಿಲ್ಲ, ನಾನು ಹೇಳಲಿಕ್ಕೂ ಹೋಗಿಲ್ಲ.

ಒಮ್ಮೆ ಅವರ ಅಣ್ಣನ ಮಗ, ಪುಣೆಯಲ್ಲಿ ನೌಕರಿ ಮಾಡುವವನು, ಎಸಿ ಇದ್ದ ಚೈನೀಸ್ ರೆಸ್ಟೋರೆಂಟಿಗೆ ಕರೆದುಕೊಂಡು ಹೋದ. ಕಾಕಾರಿಗೆ ಅಲ್ಲಿ ಉಸಿರು ಕಟ್ಟಿತು. ಅಡಿಗೆಮನೆ ಗೋಡೆಯ ಆಚೆ! “ಮಾಡಾಂವನ ಮಾರಿ ಕಾಣಂಗಿಲ್ಲ ಅಂದ್ರ ಉಣ್ಣೂದು ಹ್ಯಾಂಗ?” ಹಾಟ್ ಅಂಡ್ ಸೋರ್ ಸೂಪ್ ಬಂತು. ಒಂದು ಚಮಚ ಕುಡಿದು ವೇಟರನನ್ನು ಕರೆದರು: “ಸಾರು ಪರವಾಗಿಲ್ಲ. ಇದಕ್ಕ ರೊಟ್ಟಿ ತಾ.” ಮುಜುಗರ ಮರೆಸಲು ಅಣ್ಣನ ಮಗ ಮಾತು ತಿರುಗಿಸಿದ. ಮಂಚೂರಿಯನ್ ಚೀನಾದ್ದಲ್ಲವೆಂದೂ, ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಮೊದಲು ಮಾಡಿದ್ದೆಂದು ಹೇಳುತ್ತಾರೆಂದೂ ವಿವರಿಸಿದ. ಕಾಕಾರ ಮುಖ ಅರಳಿತು. “ಮುಂಬೈ? ಹಂಗಾರ ನಮ್ದ ಆತಲ್ಲೋ! ಐವತ್ತಾರರ ತನಕಾ ನಾವೂ ಮುಂಬೈ ರಾಜ್ಯದವರ.” ಮೊದಲಿಗೆ ಮಾಡಿದ್ದು ಕೋಳಿಯದು ಎಂಬುದನ್ನು ಹುಡುಗ ಜಾಣತನದಿಂದ ನುಂಗಿಕೊಂಡ.

2024ರ ಮಾರ್ಚ್ ಕಾಕಾರ ಕೀರ್ತಿಯ ಕಾಲ. ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರಕಾರ ನಿಷೇಧಿಸಿತು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಬಂದಿದ್ದವು. ಅರ್ಧ ಜನ ಗೋಬಿಯೇ ಬಂದ್ ಎಂದುಕೊಂಡರು. ಗಾಡಿಗಳ ಮುಂದೆ ನೊಣ. ಕಾಕಾ ಪೇಪರಿನ ತುಂಡು ಹಿಡಿದು ನಿಂತೇಬಿಟ್ಟರು: “ಬ್ಯಾನ್ ಆಗಿದ್ದು ಬಣ್ಣಾ, ಗೋಬಿ ಅಲ್ಲ! ಕನ್ನಡ ಓದಾಕ ಬರಂಗಿಲ್ಲೇನ್ ನಿಮಗ?” ಹುಡುಗನ ವ್ಯಾಪಾರ ಆ ವಾರ ಉಳಿದಿದ್ದರೆ ಅದು ಅವರಿಂದಲೇ. ಬಣ್ಣ ಹೋದ ಗೋಬಿ ಮಣ್ಣಿನ ಹಾಗೆ ಕಂಡಾಗ ಅವರಿಗೂ ಒಳಗೊಳಗೆ ಸಂಕಟವಾಗಿರಬೇಕು. ಮುಂದಿನ ಸಲ ಬರುವಾಗ ಬ್ಯಾಡಗಿ ಮೆಣಸಿನಕಾಯಿ ಪುಡಿ ತಂದುಕೊಟ್ಟರು. ಅದರಲ್ಲಿ ಖಾರ ಕಡಿಮೆ, ಕೆಂಪು ಜಾಸ್ತಿ.

ಕಡೀ ಬಸ್ಸಿಗೆ ಏರುವಾಗ ಕೈಯಲ್ಲೊಂದು ಪಾರ್ಸಲ್, ಕಾಕೂಗೆ. ಬಬಲೇಶ್ವರ ಬರುವ ಹೊತ್ತಿಗೆ ಗಂಟು ತಾನಾಗಿ ಸಡಿಲಾಗುತ್ತದಂತೆ. ಆಮೇಲೆ ರಸ್ತೆಯೂ ಉದ್ದ, ಬಸ್ಸಿನಲ್ಲಿ ಕತ್ತಲೆಯೂ ಬಹಳ. ಮನೆಯಲ್ಲಿ ಕಾಕೂ ಪೊಟ್ಟಣ ಬಿಚ್ಚಿ ನೋಡಿ ಕೇಳುತ್ತಾರೆ:

“ಉಳ್ಳಾಗಡ್ಡಿ ಐತಿ, ಸಾಸ್ ಐತಿ. ಗೋಬಿ ಎಲ್ಲೈತ್ರಿ?”

“ನೀ ಪೇಪರ್ ಓದಂಗಿಲ್ಲೇನ? ಸರಕಾರದವರು ಗೋಬಿ ಬ್ಯಾನ್ ಮಾಡ್ಯಾರ.”