ಕಿವಿಗೊಂದು ಡಬ್ಬಿ

ಅಲ್ಲ ಸ್ವಾಮಿ, ಕಂಪ್ಯೂಟರಿನಿಂದ ಹಾಡು ತಾನಾಗಿಯೇ ಬರುತ್ತಿರುವಾಗ ಅದನ್ನು ಇನ್ನೊಂದು ಡಬ್ಬಿಯ ಮೂಲಕ ಹಾಯಿಸಿ ಕೇಳಬೇಕು ಅಂತ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ! ನಮ್ಮ ಬೀದಿಗೂ ಈಗ ಡ್ಯಾಕ್ ಅನ್ನುವ ಆ ಡಬ್ಬಿಯ ಜ್ವರ ಬಂದಿದೆ. ಪಕ್ಕದ ಮನೆ ರಾಯರು ಬೆಳಿಗ್ಗೆ ಹೂವು ಕೀಳಲು ಬಂದವರು ಬುಟ್ಟಿಯನ್ನು ಕಾಂಪೌಂಡಿನ ಮೇಲಿಟ್ಟು, "ಐದು ಸಾವಿರದೊಳಗೆ ಒಳ್ಳೇ ಡ್ಯಾಕ್ ಯಾವುದ್ರೀ?" ಅಂದರು. ಹೂವು ನಮ್ಮ ಗಿಡದ್ದು, ಆ ಮಾತು ಬಿಡಿ.

"ನಿಮ್ಮ ಲ್ಯಾಪ್‌ಟಾಪಿನೊಳಗೇ ಒಂದು ಇದೆಯಲ್ಲ?" ಅಂದೆ.

"ಅದು ಪುಕ್ಕಟೆ ಬಂದದ್ದು ಕಣ್ರೀ" ಅಂದರು.

ಪುಕ್ಕಟೆ ಬಂದದ್ದು ಚೆನ್ನಾಗಿರೋಕೆ ಸಾಧ್ಯವೇ ಇಲ್ಲ, ಅಲ್ವಾ? ಹಾಗೆ ನೋಡಿದರೆ ನಮ್ಮ ಮನೆಗಳಲ್ಲಿ ಪುಕ್ಕಟೆ ಡ್ಯಾಕ್‌ಗಳಿಗೆ ಬರವಿಲ್ಲ. ಟಿವಿಯೊಳಗೊಂದು, ಫೋನಿನೊಳಗೊಂದು, ಮಗನ ಬ್ಲೂಟೂತ್ ಇಯರ್‌ಫೋನಿನ ಹೊಟ್ಟೆಯಲ್ಲೊಂದು. ಅಂಕಿಗಳನ್ನು ಸದ್ದು ಮಾಡಿ ಕೊಡುವ ಈ ಡ್ಯಾಕ್ ಚಿಪ್ ಇಲ್ಲದೆ ಅವು ಯಾವುವೂ ಬಾಯಿ ಬಿಡುವಂತಿಲ್ಲ. ಹೊರಗಿನಿಂದ ಇನ್ನೊಂದು ತರಬೇಕೆ ಅನ್ನುವುದಷ್ಟೇ ಪ್ರಶ್ನೆ.

ತರುವುದಾದರೆ ಬೆಂಗಳೂರಿನ ಎಸ್.ಪಿ. ರೋಡಿಗೆ ಒಮ್ಮೆ ಹೋಗಿ ನೋಡಬೇಕು. ಅಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಎರಡು ತೂತು, ಹಸಿರು ಹೆಡ್‌ಫೋನಿಗೆ, ಗುಲಾಬಿ ಮೈಕಿಗೆ. ಮೈಮೇಲೆ ದಪ್ಪಕ್ಷರದಲ್ಲಿ '7.1 ಚಾನೆಲ್' ಅಂತ ಅಚ್ಚಾಗಿರುತ್ತದೆ. ಎಂಟು ಸ್ಪೀಕರಿನ ಸದ್ದು, ಹೊರಬರಲು ಒಂದೇ ತೂತು! ನನಗಂತೂ ಆ ಧೈರ್ಯ ಬಹಳ ಇಷ್ಟ. ಮೀಟಿಂಗಿನಲ್ಲಿ ಮಾತಾಡಲು, ಕೆಟ್ಟುಹೋದ ಜ್ಯಾಕಿಗೆ ಬದಲಿಯಾಗಿ, ಅದು ಸಾಕೇ ಸಾಕು. ಹಾಡಿಗೆ ಕೂತರೆ ಮಾತ್ರ ಹಿನ್ನೆಲೆಯಲ್ಲಿ 'ಸುಯ್' ಅನ್ನುತ್ತಿರುತ್ತದೆ.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಇರುವುದೇ ತಮಾಷೆಯ ಸಂಗತಿ. ಆ್ಯಪಲ್‌ನವರು ತಮ್ಮ ಐಪ್ಯಾಡಿಗೆ ಹಳೇ ಇಯರ್‌ಫೋನ್ ಸಿಕ್ಕಿಸಲು ಒಂದು ಗೇಣುದ್ದಕ್ಕೂ ಕಡಿಮೆ ಇರುವ ಬಿಳಿ ಬಾಲ ಮಾರುತ್ತಾರೆ, ಒಂದು ಕಡೆ ಯುಎಸ್‌ಬಿ-ಸಿ, ಇನ್ನೊಂದು ಕಡೆ 3.5 ಮಿಲಿಮೀಟರಿನ ತೂತು. ಅಮೆರಿಕದಲ್ಲಿ 9 ಡಾಲರ್, ನಮ್ಮಲ್ಲಿ ಸಾವಿರ ರೂಪಾಯಿಯ ಆಸುಪಾಸು. ಜನ ಅದನ್ನು ಬರೀ ವೈರು ಅಂದುಕೊಂಡಿದ್ದಾರೆ. ಅದರ ಮೂತಿಯೊಳಗೆ ಒಂದು ಪೂರ್ತಿ ಡ್ಯಾಕ್ ಕೂತಿದೆ. ಅಳತೆ ಉಪಕರಣ ಹಿಡಿದು ಕೂತವರು ಪರೀಕ್ಷೆ ಮಾಡಿ, ಇದರ ಎಷ್ಟೋ ಪಟ್ಟು ಬೆಲೆಯ ಡಬ್ಬಿಗಳ ಪಕ್ಕ ನಿಲ್ಲಿಸಿದರೂ ಇದಕ್ಕೆ ನಾಚಿಕೆಯಿಲ್ಲ ಅಂದಿದ್ದಾರೆ. ವಿಂಡೋಸಿಗೂ ಆಗುತ್ತದೆ, ಮ್ಯಾಕಿಗೂ ಆಗುತ್ತದೆ, ಡ್ರೈವರ್ ಗೀವರ್ ಏನೂ ಬೇಡ.

ರಾಯರಿಗೆ ಸಮಾಧಾನವಾಗಲಿಲ್ಲ. ಅವರು ನೋಡಿಟ್ಟ ಡಬ್ಬಿಯ ಮೇಲೆ '32 ಬಿಟ್, 768 ಕಿಲೊಹರ್ಟ್ಸ್' ಅಂತ ಇದೆಯಂತೆ. ನಮ್ಮ ಹಳೇ ಸಿಡಿಯದ್ದು 16 ಬಿಟ್, 44.1. ಎಲ್ಲಿ 44, ಎಲ್ಲಿ 768!

ಆ 44.1 ಬಂದ ಕಥೆಯೇ ಒಂದು ಮಜಾ. ಯಾವ ದೊಡ್ಡ ವಿಜ್ಞಾನಿಯೂ ಕಿವಿಯನ್ನು ಧ್ಯಾನಿಸಿ ಕಂಡ ಸಂಖ್ಯೆಯಲ್ಲ ಅದು. ಆಗ ಡಿಜಿಟಲ್ ಸದ್ದನ್ನು ಹೆಚ್ಚಾಗಿ ತುಂಬಿಡುತ್ತಿದ್ದದ್ದು ವಿಡಿಯೊ ಟೇಪಿನಲ್ಲಿ. ಚಿತ್ರದ ಒಂದೊಂದು ಗೆರೆಯಲ್ಲಿ ಸದ್ದಿನ ಮೂರು ಅಳತೆ, ಅಂದರೆ ಸ್ಯಾಂಪಲ್, ಕೂರಿಸಿದರು. ಬಳಸಬಹುದಾದ ಗೆರೆ 294, ಸೆಕೆಂಡಿಗೆ 50 ಸಲ, ಗೆರೆಗೆ ಮೂರು. ಗುಣಿಸಿ ನೋಡಿ, ಸರಿಯಾಗಿ 44,100. ಅಮೆರಿಕ, ಜಪಾನಿನ ಟಿವಿಗೆ 245 ಗೆರೆ, 60 ಸಲ, ಮತ್ತೆ ಮೂರು. ಅದೂ 44,100! 1982ರಲ್ಲಿ ಸಿಡಿ ಬಂದಾಗ ಅದೇ ಗಟ್ಟಿಯಾಗಿ ಕೂತುಬಿಟ್ಟಿತು. ಟಿವಿಯವರ ಗೆರೆಯ ಲೆಕ್ಕದಲ್ಲಿ ನಾವು ಹಾಡು ಕೇಳುತ್ತಾ ಬಂದಿದ್ದೇವೆ.

ಹೇಗೇ ಬಂದಿರಲಿ, 44.1 ಇದ್ದರೆ ಸುಮಾರು 22 ಕಿಲೊಹರ್ಟ್ಸ್‌ವರೆಗಿನ ಸದ್ದೆಲ್ಲ ಅದರೊಳಗೆ ಹಿಡಿಯುತ್ತದೆ. ಮನುಷ್ಯನ ಕಿವಿ ಎಳೆವಯಸ್ಸಿನಲ್ಲಿ ಇಪ್ಪತ್ತರವರೆಗೆ ಹೋದೀತು. ಅರವತ್ತು ದಾಟಿದ ನಮ್ಮ ರಾಯರಿಗೆ ಹನ್ನೆರಡು ಕೇಳಿಸಿದರೆ ದೊಡ್ಡದು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, 768 ಕೊಳ್ಳುವ ಶಕ್ತಿ ಬರುವ ಹೊತ್ತಿಗೆ ಕಿವಿ ಪೆನ್ಷನ್ ತಗೊಂಡಿರುತ್ತದೆ. ಇನ್ನು ಬಿಟ್‌ಗಳ ವಿಷಯ. 16 ಬಿಟ್ಟಿಗೆ ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ 96 ಡೆಸಿಬೆಲ್ ಅಂತರ ಸಿಗುತ್ತದೆ. 24 ಬಿಟ್ಟಿಗೆ ಕಾಗದದ ಮೇಲೆ 144. ಅಷ್ಟು ನಿಶ್ಶಬ್ದವನ್ನು ದುಡ್ಡು ಕೊಟ್ಟು ಮನೆಗೆ ತಂದು, ಸೀಲಿಂಗ್ ಫ್ಯಾನಿನ ಕೆಳಗೆ ಕೂತು ಕೇಳುವುದು ನಾವು. ಫ್ಯಾನ್ ಆಫ್ ಮಾಡಿದರೆ ಪಕ್ಕದ ಬೋರ್‌ವೆಲ್ ಮೋಟಾರು.

ಅಮೆರಿಕದ ಬಾಸ್ಟನ್ನಿನಲ್ಲಿ ಇಬ್ಬರು ಮಹನೀಯರು ಈ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆಯೇ ಅಂತ ಪರೀಕ್ಷಿಸಿಯೇ ನೋಡಿದರು, ಮೇಯರ್ ಮತ್ತು ಮೊರಾನ್ ಅಂತ. ಹೈ-ರೆಸೊಲ್ಯೂಷನ್ ಡಿಸ್ಕ್ ಹಾಕಿ, ಅದನ್ನೇ ನಡುವೆ ಸಿಡಿಯ ಮಟ್ಟಕ್ಕೆ ಇಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲ ಕೇಳಿಸಿದಾಗ ಸರಿಯುತ್ತರ ಬಂದದ್ದು 276 ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2007ರಲ್ಲಿ ಅದು ಅಚ್ಚಾದಾಗ ಕೆಲವರಿಗೆ ಉರಿಯಿತು ಅನ್ನಿ.

ನಮ್ಮಲ್ಲಿ ಹಾಡು ಕೇಳುವ ಸುಖ ಬೇರೆ ಕಡೆಯಿಂದಲೇ ಬರುತ್ತಿತ್ತು, ಅಲ್ವಾ? ನಮ್ಮಪ್ಪ ಧಾರವಾಡ ಆಕಾಶವಾಣಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನವಿದೆ ಅಂದರೆ ರೇಡಿಯೊ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು, ಮನೆಯವರೆಲ್ಲ ಕೆಮ್ಮದಂತೆ ಕಣ್ಣು ಬಿಡುತ್ತಿದ್ದರು. ಅದಕ್ಕೂ ಮೊದಲು ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ ಒರೆಸುವ ಕಾರ್ಯಕ್ರಮ. ಒಂದು ಕ್ಯಾಸೆಟ್ಟಿನಲ್ಲಿ ಆಲಾಪ ಒಳ್ಳೇ ಘಟ್ಟಕ್ಕೆ ಬಂದಾಗ ಅಡುಗೆಮನೆಯಿಂದ ಕುಕ್ಕರ್ ಕೂಗುತ್ತದೆ. ಅಮ್ಮನಿಗೆ ಅದಕ್ಕಾಗಿ ಬಿದ್ದ ಬೈಗುಳವೂ ಅದರಲ್ಲೇ ಇದೆ, ಸಣ್ಣ ದನಿಯಲ್ಲಿ. ಆ ಕ್ಯಾಸೆಟ್ಟನ್ನು ನಾನು ಕಂಪ್ಯೂಟರಿಗೆ ಏರಿಸಿಟ್ಟಿದ್ದೇನೆ. ಎಂಥ ಡ್ಯಾಕ್ ತಂದರೂ ಅದರಲ್ಲಿ ಹೆಚ್ಚು ಸ್ಪಷ್ಟವಾಗುವುದು ಕುಕ್ಕರೇ. ಯೂಟ್ಯೂಬಿನಲ್ಲಿ ಹಾಕಿರುವ ಹಳೇ ಕಛೇರಿಗಳದ್ದೂ ಅದೇ ಪಾಡು. ಮೂಲದಲ್ಲಿ ಇಲ್ಲದ್ದನ್ನು ಡ್ಯಾಕ್ ಎಲ್ಲಿಂದ ತಂದೀತು?

ಹಾಗಂತ ಯಾರಿಗೂ ಬೇಡವೇ ಬೇಡ ಅನ್ನುತ್ತಿಲ್ಲ. ಮೌಸ್ ಅಲ್ಲಾಡಿಸಿದಾಗ ಹೆಡ್‌ಫೋನಿನಲ್ಲಿ 'ಜಿರ್ ಜಿರ್' ಅಂದರೆ, ಪರದೆ ಮೇಲೆ ಪುಟ ಸರಿಸಿದಾಗ ಇಲಿ ಕೊರೆದಂತೆ ಸದ್ದಾದರೆ, ಅದು ಒಳಗಿನ ಸರ್ಕ್ಯೂಟಿನ ಗಲಾಟೆ. ಅಂಥವರು ಹೊರಗಿನ ಡ್ಯಾಕ್ ಹಾಕಿಕೊಂಡರೆ ಆ ಸದ್ದು ಸಾಮಾನ್ಯವಾಗಿ ಬಾಯಿ ಮುಚ್ಚುತ್ತದೆ. ಆದರೆ 'ಗುಂಯ್' ಅನ್ನುವ ಸದ್ದು ಬೇರೆ ಜಾತಿ. ಚಾರ್ಜರ್ ಕಿತ್ತು ನೋಡಿ. ನಿಂತುಹೋಯಿತಾ? ಹಾಗಾದರೆ ಅದು ಅರ್ತಿಂಗ್ ತಕರಾರು. ಲ್ಯಾಪ್‌ಟಾಪ್ ಒಂದು ಕಡೆಯಿಂದ, ಆಂಪ್ಲಿಫೈಯರ್ ಇನ್ನೊಂದು ಕಡೆಯಿಂದ ಭೂಮಿಗೆ ಕೈ ಚಾಚಿರುತ್ತವೆ. ಅದೇ ಯುಎಸ್‌ಬಿಯಿಂದ ಕರೆಂಟ್ ಕುಡಿಯುವ ಹೊಸ ಡ್ಯಾಕ್ ಆ ಗುಂಯ್ಯನ್ನೂ ಜೊತೆಗೇ ಕರೆತರಬಹುದು. ಕೆಲವು ನೂರು ರೂಪಾಯಿಗೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಿಗುತ್ತದೆ, ಮೊದಲು ಅದನ್ನು ಸಿಕ್ಕಿಸಿ ನೋಡುವುದು ಜಾಣತನ.

ಇನ್ನು 250, 300 ಓಮ್ಸ್‌ನ ದೊಡ್ಡ ಹೆಡ್‌ಫೋನ್ ಇಟ್ಟುಕೊಂಡವರು. ಅವುಗಳನ್ನು ಎಬ್ಬಿಸಲು ವೋಲ್ಟೇಜ್ ಬೇಕು, ಬಿಳಿ ಬಾಲ ಕೊಡುವುದು ಹೆಚ್ಚೆಂದರೆ ಒಂದು ವೋಲ್ಟ್. ಅಂಥವರು ಆಂಪ್ಲಿಫೈಯರ್ ಸಮೇತ ಬರುವ ಫಿಯೊ, ಟಾಪಿಂಗ್ ಥರದ ಕಂಪನಿಗಳ ಡ್ಯಾಕ್ ತಗೊಳ್ಳಲಿ, ತಪ್ಪಿಲ್ಲ. ಡಬ್ಬಿಯ ಮೇಲಿನ ಚಿಪ್ಪಿನ ಹೆಸರು ನೋಡಿ ಮಾತ್ರ ಮರುಳಾಗಬೇಡಿ. ಜಪಾನಿನ ನೊಬೆಒಕಾದಲ್ಲಿ 2020ರ ಅಕ್ಟೋಬರಿನಲ್ಲಿ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿದ್ದಾಗ, ಆ ಚಿಪ್ಪನ್ನೇ ಹಾಡಿ ಹೊಗಳುತ್ತಿದ್ದ ತಯಾರಕರು ಬೇರೆ ಕಂಪನಿಯ ಚಿಪ್ ಹಾಕಿ ಅದನ್ನೂ ಅಷ್ಟೇ ಹೊಗಳಿದರು.

ಈ ಅಗ್ಗದ ಡ್ಯಾಕ್‌ಗಳ ಕಾಲ ಬರಲು ಒಬ್ಬ ಅನಾಮಧೇಯನ ಪಾಲೂ ಇದೆ. ಹೆಸರು ಹೇಳದೆ, 'ಎನ್‌ಡಬ್ಲ್ಯೂಎವಿಗೈ' ಅಂತಷ್ಟೇ ರುಜು ಹಾಕುತ್ತಿದ್ದ ಒಬ್ಬ ಎಂಜಿನಿಯರ್. ದುಬಾರಿ ಡಬ್ಬಿಗಳನ್ನು ಅಳೆದು ಬಣ್ಣ ಬಯಲು ಮಾಡಿ, 2011ರಲ್ಲಿ ತಾನೇ ಒಂದು ಹೆಡ್‌ಫೋನ್ ಆಂಪ್ಲಿಫೈಯರ್ ರೂಪಿಸಿ, ನಕ್ಷೆಯನ್ನು ಎಲ್ಲರ ಮುಂದಿಟ್ಟ. ಮರುವರ್ಷ ಅದಕ್ಕೆ ಜೋಡಿಯಾಗಿ ಒಂದು ಡ್ಯಾಕ್ ಬಂತು. ಅದೇ ವರ್ಷ ಆಸಾಮಿ ನಾಪತ್ತೆ. ಯಾರು, ಎಲ್ಲಿಯವನು, ಇದ್ದಾನೋ ಇಲ್ಲವೋ, ಒಂದು ಸುದ್ದಿಯಿಲ್ಲ. ದುಡ್ಡೂ ಬೇಡ, ಹೆಸರೂ ಬೇಡ ಅಂದರೆ ಏನಂತೀರಿ?

ಇಷ್ಟೆಲ್ಲ ಹೇಳಿದ ಮೇಲೆ ರಾಯರನ್ನು ಕೇಳಿದೆ, "ಅಂದಹಾಗೆ ನಿಮ್ಮದು ಯಾವ ಹೆಡ್‌ಫೋನು?" "ಬ್ಲೂಟೂತಿಂದು" ಅಂದರು! ಬ್ಲೂಟೂತಾದರೆ ಲ್ಯಾಪ್‌ಟಾಪ್ ಅದಕ್ಕೆ ಅಂಕಿಗಳನ್ನೇ ಕಳಿಸುತ್ತದೆ, ಸದ್ದು ಮಾಡುವ ಡ್ಯಾಕ್ ಹೆಡ್‌ಫೋನಿನೊಳಗೇ ಇರುತ್ತದೆ. ಹೊರಗೆ ಐದು ಸಾವಿರದ್ದನ್ನು ತಂದಿಟ್ಟರೂ ಅದು ಮೇಜಿನ ಮೇಲೆ ದೀಪ ಹಚ್ಚಿಕೊಂಡು ಸುಮ್ಮನೆ ಕೂತಿರುತ್ತಿತ್ತು.

ಹಾಗಾಗಿ ನನ್ನ ತೀರ್ಪು ಇಷ್ಟೇ. ಸಾವಿರದ ಆ ಬಿಳಿ ಬಾಲ ತಗೊಳ್ಳಿ, ಉಳಿದ ನಾಲ್ಕು ಸಾವಿರಕ್ಕೆ ವೈರಿರುವ ಒಂದು ಒಳ್ಳೇ ಹೆಡ್‌ಫೋನ್ ತಗೊಳ್ಳಿ. ಸದ್ದಿನಲ್ಲಿ ವ್ಯತ್ಯಾಸ ಕಾಣುವುದು ಹೆಡ್‌ಫೋನಿನಿಂದ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಪೋರ್ಟ್ ಇದೆಯೇ ಅಂತ ಮೊದಲೇ ನೋಡಿಕೊಳ್ಳಿ. ಅದನ್ನೇ ಆಂಡ್ರಾಯ್ಡ್ ಫೋನಿಗೂ ಸಿಕ್ಕಿಸುವ ಆಸೆ ಇದ್ದರೆ ಮಾತ್ರ ಬೇರೆ ಕಂಪನಿಯದ್ದು ಹುಡುಕಿ. ಎಷ್ಟೋ ಫೋನುಗಳಲ್ಲಿ ಅದರ ದನಿ ಮೇಲೇಳುವುದೇ ಇಲ್ಲ.