ಪ್ರಳಯಕ್ಕೊಬ್ಬ ನೀರುಗಂಟಿ

“ಲೋಕವೆಲ್ಲ ಮುಳುಗಿ ಹೋಗಿದೆ ಅಂತೀಯ, ಮತ್ತೆ ಅವರಿಗೆ ಸಿಗರೇಟು ಎಲ್ಲಿಂದ ಬಂತಪ್ಪ?”

ಬೇಲಿಯಾಚೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ದೊಡ್ಡಮ್ಮನ ಈ ಪ್ರಶ್ನೆಗೆ ಹಾಲಿವುಡ್ಡಿನವರೇ ಉತ್ತರ ಹೇಳಬೇಕು. ನಾನು ಹೇಳುತ್ತಿದ್ದದ್ದು ‘ವಾಟರ್‌ವರ್ಲ್ಡ್’ ಸಿನಿಮಾದ ಕಥೆ. ಧ್ರುವದ ಹಿಮ ಕರಗಿ ಭೂಮಿಗೆ ಭೂಮಿಯೇ ಸಮುದ್ರವಾಗಿದೆ. ಉಳಿದ ಜನ ಹಳೆ ಕಬ್ಬಿಣ ಜೋಡಿಸಿ ತೇಲುವ ಊರು ಕಟ್ಟಿಕೊಂಡಿದ್ದಾರೆ. ಖಳರ ಗುಂಪು ಮಾತ್ರ ಹೊತ್ತುಗೊತ್ತಿಲ್ಲದೆ ಹೊಗೆ ಬಿಡುತ್ತಿರುತ್ತದೆ. 1995ರಲ್ಲಿ ತೆರೆಗೆ ಬಂದಾಗ ಅದೇ ಜಗತ್ತಿನ ಅತಿ ದುಬಾರಿ ಸಿನಿಮಾ. ಖರ್ಚು ಹದಿನೇಳು ಕೋಟಿ ಡಾಲರಿನ ಮೇಲೆ. ಹವಾಯಿಯ ಕಡಲಲ್ಲಿ ಹಾಕಿದ್ದ ಸೆಟ್ಟುಗಳಲ್ಲಿ ಒಂದು ನಿಜಕ್ಕೂ ಮುಳುಗಿತ್ತು.

“ಪಾಪ, ಅದೊಂದಾದರೂ ಅಸಲಿ ಆಯ್ತಲ್ಲ,” ಎಂದರು ದೊಡ್ಡಮ್ಮ.

ಇವರ ತೌರು ಹಿರಿಯೂರು, ಸೇರಿದ ಮನೆ ಹೊಳಲ್ಕೆರೆ, ಮಗಳನ್ನು ಕೊಟ್ಟಿರುವುದು ಹೊಸದುರ್ಗಕ್ಕೆ. ನೀರಿನ ವಿಷಯದಲ್ಲಿ ಮೂರು ತಾಲ್ಲೂಕಿನ ತಕರಾರೂ ಇವರ ಬಾಯಲ್ಲೇ ಇರುತ್ತದೆ. ಇಂಥವರ ಮುಂದೆ ನಾಯಕ ತನ್ನ ಮೂತ್ರವನ್ನೇ ಯಂತ್ರಕ್ಕೆ ಹಾಕಿ ಸೋಸಿ ಕುಡಿಯುವ ಮೊದಲ ದೃಶ್ಯ ವರ್ಣಿಸಿದೆ. ಮೂಗು ಮುರಿಯುತ್ತಾರೆ ಅಂದುಕೊಂಡರೆ, “ಅವನ ಮಿಷನ್ನು ಕೆಟ್ಟು ನಿಂತಿರಲಿಲ್ಲವಲ್ಲ, ಪುಣ್ಯವಂತ. ನಮ್ಮ ಕುಡಿಯೋ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ನಾಣ್ಯ ನುಂಗುತ್ತೆ, ಕ್ಯಾನು ಖಾಲಿ,” ಎಂದರು.

ಆ ಲೋಕದಲ್ಲಿ ಮಣ್ಣಿಗೆ ಚಿನ್ನದ ಬೆಲೆ. ಒಂದು ಜಾಡಿ ಮಣ್ಣು ಕೊಟ್ಟು ನಾಯಕ ಟೊಮ್ಯಾಟೊ ಗಿಡ ಕೊಳ್ಳುತ್ತಾನೆ.

“ಹಂಗಾದ್ರೆ ನಮ್ಮ ಹಿರಿಯೂರಿನ ಎರೆ ಹೊಲದೋರನ್ನ ಹಿಡಿಯೋರೇ ಇಲ್ಲ ಬಿಡು.”

ನಗು ಬಂದರೂ ನನ್ನ ನಿರಾಸೆ ಬೇರೆಯದೇ. ಇಂಥ ಸಿನಿಮಾಗಳಲ್ಲಿ ಬದುಕಿ ಉಳಿಯುವುದು ಅಂದರೆ ಒಬ್ಬ ಗಂಡಸು, ಒಂದು ಆಯುಧ, ಒಂದು ವಾಹನ. 2015ರ ‘ಮ್ಯಾಡ್ ಮ್ಯಾಕ್ಸ್’ ಚೆನ್ನಾಗಿದೆ, ನಿಜ. ಆದರೆ ಅದರಲ್ಲೂ ಬಂಡೆಯ ಮೇಲಿನ ದೊರೆ ತೂಬು ಎತ್ತಿ ಬಾಯಾರಿದ ಜನರ ಮೇಲೆ ನೀರು ಸುರಿಸುತ್ತಾನೆ, ಮುಕ್ಕಾಲು ಪಾಲು ಮರಳಿಗೇ ಹೋಗುತ್ತದೆ. “ಕೆಳಗೆ ಒಂದು ತೊಟ್ಟಿ ಕಟ್ಟಿಸೋ ಯೋಗ್ಯತೆ ಇಲ್ಲದೋನು ಎಂಥ ದೊರೆ?” ಎಂದು ದೊಡ್ಡಮ್ಮ ಅವನನ್ನು ಒಂದೇ ಮಾತಿಗೆ ಪದಚ್ಯುತಗೊಳಿಸಿದರು.

ಕೇಳಿದ್ದು ಸರಿಯೇ. ನಮ್ಮ ಚಿತ್ರದುರ್ಗದ ಕೋಟೆ ಹತ್ತಿದರೆ ನಾವೆಲ್ಲ ಒನಕೆ ಓಬವ್ವನ ಕಿಂಡಿಯ ಹತ್ತಿರ ಫೋಟೊ ತೆಗೆಸಿಕೊಂಡು ಇಳಿಯುತ್ತೇವೆ. ಮುತ್ತಿಗೆ ಬಿದ್ದಾಗ ಅಷ್ಟೂ ಜನ ಕುಡಿದದ್ದೇನು? ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ ಹಿಡಿದುಕೊಂಡಿತು, ಅದು ತುಂಬಿ ಹರಿದದ್ದು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದಾಚೆ ಇನ್ನೂ ಕೆಳಗಿನ ಹೊಂಡಗಳಿಗೆ. ಹೈದರಾಲಿಗೆ ಕೋಟೆ ದಕ್ಕಿದ್ದು 1779ರಲ್ಲಿ. ಅದಕ್ಕೆ ಮುಂಚೆ ಅವನನ್ನು ಹೊರಗೆ ಕಾಯಿಸಿದ್ದರಲ್ಲಿ ಕಲ್ಲಿನ ಗೋಡೆಯಷ್ಟೇ ಪಾಲು ಈ ನೀರಿನದೂ ಇದೆ. ಅದನ್ನು ತೆರೆಯ ಮೇಲೆ ತೋರಿಸಿದವರನ್ನು ನಾನಂತೂ ನೋಡಿಲ್ಲ.

“ಮಾರಿಕಣಿವೆ ಕೋಡಿ ಬಿದ್ದದ್ದನ್ನ ಯಾಕೆ ಬಿಟ್ಟೆ?” ದೊಡ್ಡಮ್ಮನಿಗೆ ತೌರಿನ ಡ್ಯಾಮು ಬಿಟ್ಟು ಮಾತಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ಅಣೆಕಟ್ಟು 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ! ನಡುವೆ ತಳ ಕಂಡ ವರ್ಷಗಳಲ್ಲಿ ತೆಂಗಿನ ತೋಟಗಳು ಸುಳಿ ಒಣಗಿ ನಿಂತಿದ್ದವು. ಹೊಳಲ್ಕೆರೆಯವರು ಅಡಿಕೆ ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸಿದರು. ಕೊನೆಗೆ ಕೋಡಿ ಬಿದ್ದಾಗ ಹಿರಿಯೂರಿನಲ್ಲಿ ಜಾತ್ರೆ, ಹೊಸದುರ್ಗದ ಕಡೆ ಹಿನ್ನೀರಿಗೆ ತೋಟ ಮುಳುಗಿದವರ ಗೋಳು. “ನನ್ನ ಅಣ್ಣ ಬಾಗಿನ ಬಿಡೋಕೆ ಹೊರಟಿದ್ದ, ಮಗಳು ಫೋನಲ್ಲಿ ಅಳ್ತಿದ್ಲು. ನಾನು ಯಾರ ಕಡೆ ಸೇರಲಿ ಹೇಳು?”

“ನಮ್ಮ ಕಡೆಯವರು ಇಂಥ ಸಿನಿಮಾ ತೆಗೆದರೆ ಹೀರೋ ಯಾರು ದೊಡ್ಡಮ್ಮ?”

“ನೀರುಗಂಟಿ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ನೋಡಿ, ಮುಚ್ಚಿ ಬರೋನು.”

“ಫೈಟಿಂಗೇ ಇಲ್ಲವಲ್ಲ, ಯಾರು ನೋಡ್ತಾರೆ?”

“ಇಲ್ಲದೆ ಏನು! ರಾತ್ರಿ ಬದು ಒಡೆದು ತಮ್ಮನ ಪಾಲಿನ ನೀರು ತಿರುಗಿಸ್ಕೊಂಡ ಅಣ್ಣನ್ನ ನೋಡಿಲ್ವ ನೀನು? ಗುದ್ದಲಿ ಹಿಡಿದು ಹೊಡೆದಾಡಿ, ಮೂರನೇ ದಿನ ಒಂದೇ ಪಂಕ್ತೀಲಿ ಕೂತು ಮದುವೆ ಊಟ ಮಾಡಬೇಕು. ಅಷ್ಟು ಕಷ್ಟ ನಿನ್ನ ಇಂಗ್ಲಿಷಿನೋನಿಗೆ ಇತ್ತಾ? ಕೊನೆಗೆ ಅವನು ಏನು ಮಾಡಿದ, ಅದನ್ನ ಹೇಳು.”

ಕೊನೆಯಲ್ಲಿ ಒಣನೆಲ ಸಿಗುತ್ತದೆ. ಹಸಿರಿದೆ, ಸಿಹಿನೀರಿದೆ. ಎಲ್ಲರೂ ಇಳಿಯುತ್ತಾರೆ, ನಾಯಕ ಮಾತ್ರ ಹೊಸ ದೋಣಿ ಏರಿ ಸಮುದ್ರಕ್ಕೆ ಹೊರಟುಬಿಡುತ್ತಾನೆ.

“ಹೋಗ್ತಾನೆ, ಹೋಗದೆ ಇನ್ನೇನು. ನೆಲ ಸಿಕ್ಕಮೇಲೆ ಪಾಲು ಮಾಡಬೇಕಲ್ಲ, ಪಂಚಾಯ್ತಿಗೆ ಕೂರಬೇಕಲ್ಲ. ಅಂಥ ಕಡೆ ಹೀರೋಗಳು ಒಬ್ಬರೂ ನಿಲ್ಲಲ್ಲ.”